ಸಹಿ ಹಿರಿಯರದು, ಬಿಲ್ಲು ಕಿರಿಯರದು

ನಮಸ್ಕಾರ. ಅಮೆರಿಕದ ಹಳ್ಳಿಗಾಡಿನಲ್ಲಿ ಕರೆಂಟ್ ಕೊಡುವ ಸಹಕಾರ ಸಂಘಗಳ ಬಗ್ಗೆ ಇವತ್ತಿನ ಮಾತು. ಇಂಥವು ಅಲ್ಲಿ ಸುಮಾರು 900 ಇವೆ, ಅವುಗಳ ತಂತಿ ನಂಬಿರುವವರು ಹತ್ತಿರ ಹತ್ತಿರ 4.2 ಕೋಟಿ ಜನ. ಮೀಟರ್ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರು, ಒಬ್ಬ ಸದಸ್ಯನಿಗೆ ಒಂದು ಮತ. 1935ರ ಮೇ 11ರಂದು ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಇಲಾಖೆ ತೆರೆದಾಗ ಹತ್ತು ರೈತರ ಮನೆಗಳಲ್ಲಿ ಒಂದಕ್ಕಷ್ಟೇ ಕರೆಂಟ್ ಇತ್ತು. ಲಾಭವಿಲ್ಲವೆಂದು ಖಾಸಗಿ ಕಂಪನಿಗಳು ಕೈ ಎತ್ತಿದವು, ರೈತರೇ ಸಂಘ ಕಟ್ಟಿ, ಸರ್ಕಾರದಿಂದ ಸಾಲ ಪಡೆದು ಕಂಬ ನೆಟ್ಟರು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಶುರುವಾದ ವಿದ್ಯುತ್ ಸಹಕಾರ ಸಂಘ ಗೊತ್ತಿದ್ದವರಿಗೆ ಇದರ ಸ್ವರೂಪ ಬೇಗ ಅರ್ಥವಾಗುತ್ತದೆ.

ಯುವಜನರಿಗೆ ಏನು ಮಾಡುತ್ತಿದ್ದೀರಿ ಎಂದು ಈ ಸಂಘಗಳನ್ನು ಕೇಳಿ ನೋಡಿ. ಸ್ಕಾಲರ್‌ಶಿಪ್, ಪ್ರಬಂಧ ಸ್ಪರ್ಧೆ, ಜೂನ್ ತಿಂಗಳಲ್ಲಿ ವಾಷಿಂಗ್ಟನ್ ಪ್ರವಾಸ. ಪ್ರವಾಸದ ಮೂಲ 1957ರಷ್ಟು ಹಳೆಯದು. ಆಗ ಸೆನೆಟರ್ ಆಗಿದ್ದ, ಮುಂದೆ ಅಧ್ಯಕ್ಷರಾದ ಲಿಂಡನ್ ಜಾನ್ಸನ್, ಚಿಕಾಗೊದಲ್ಲಿ ಸೇರಿದ್ದ ಸಂಘಗಳ ಸಮಾವೇಶದಲ್ಲಿ ಹುಡುಗರನ್ನು ರಾಜಧಾನಿಗೆ ಕಳಿಸಿ ಎಂದಿದ್ದರು. ಒಳ್ಳೆಯ ಕಾರ್ಯಕ್ರಮವೇ, ತಕರಾರಿಲ್ಲ. ಆದರೆ ಫೋಟೊ ತೆಗೆಸಿಕೊಂಡು ಊರಿಗೆ ಮರಳಿದ ಹುಡುಗಿ, ತನ್ನದೇ ಸಂಘದ ಆಡಳಿತ ಮಂಡಳಿಯ ಕೋಣೆಗೆ ಮತ್ತೆ ಕಾಲಿಡುವುದು ಯಾವಾಗ? ಬಹಳಷ್ಟು ಕಡೆ ಅದಕ್ಕೆ ದಾರಿಯೇ ಇಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆ ಅಂದುಕೊಳ್ಳಬೇಡಿ, ದುಡ್ಡಿನ ಪ್ರಶ್ನೆ. ವಿತರಣಾ ಸಂಘದ ಖರ್ಚಿನಲ್ಲಿ ದೊಡ್ಡ ಪಾಲು ಸಗಟು ವಿದ್ಯುತ್ ಖರೀದಿಗೇ ಹೋಗುತ್ತದೆ. ಆ ಖರೀದಿಯ ಒಪ್ಪಂದಗಳು ದಶಕಗಟ್ಟಲೆಯವು. ಕೊಲೊರಾಡೊ ಕಡೆಯ ಟ್ರೈ-ಸ್ಟೇಟ್ ಎಂಬ ಉತ್ಪಾದನಾ ಒಕ್ಕೂಟವನ್ನೇ ನೋಡಿ. ಅದರ ಹೆಚ್ಚಿನ ಸದಸ್ಯ ಸಂಘಗಳು 2050ರವರೆಗೆ ಕಟ್ಟಿಹಾಕಿಕೊಳ್ಳುವ ಒಪ್ಪಂದಕ್ಕೆ ಸಹಿ ಮಾಡಿದ್ದವು. ಬೇಕಾದ ವಿದ್ಯುತ್ತಿನಲ್ಲಿ ಶೇ 95ರಷ್ಟನ್ನು ಅಲ್ಲೇ ಕೊಳ್ಳಬೇಕಿತ್ತು, ಸ್ವಂತ ಸೋಲಾರ್ ಗೀಲಾರ್ ಎಲ್ಲ ಉಳಿದ ಶೇ 5ರೊಳಗೆ ಇರಬೇಕಿತ್ತು. ನ್ಯೂ ಮೆಕ್ಸಿಕೊದ ಕಿಟ್ ಕಾರ್ಸನ್ ಸಂಘ 2016ರಲ್ಲಿ ಇದರಿಂದ ಹೊರಬಂದಾಗ ಬಿಡುಗಡೆಯ ಶುಲ್ಕವೇ 3.7 ಕೋಟಿ ಡಾಲರ್. ಅರವತ್ತು ದಾಟಿದ ನಿರ್ದೇಶಕರು ಇಂಥ ಕಾಗದಕ್ಕೆ ಸಹಿ ಹಾಕುತ್ತಾರೆ, ಅದರ ಬಿಲ್ಲು ಕಟ್ಟುತ್ತಾ ಬದುಕು ಸಾಗಿಸುವವರು ಇವತ್ತು ಇಪ್ಪತ್ತೈದರಲ್ಲಿರುವವರು. ಸಾಲವೂ ಹಾಗೆಯೇ, ಫೆಡರಲ್ ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಸಾಲದ ಅವಧಿ 35 ವರ್ಷದವರೆಗೂ ಹೋಗುತ್ತದೆ.

ಇನ್ನು ಕ್ಯಾಪಿಟಲ್ ಕ್ರೆಡಿಟ್. ವರ್ಷದ ಕೊನೆಗೆ ಉಳಿದ ಹಣವನ್ನು ಸಂಘ ಸದಸ್ಯರ ಹೆಸರಲ್ಲಿ ಜಮಾ ಮಾಡುತ್ತದೆ, ಕೈಗೆ ಕೊಡುವುದು ಎಷ್ಟೋ ಕಡೆ ಇಪ್ಪತ್ತು ವರ್ಷದ ಮೇಲೆ. ಅಷ್ಟರಲ್ಲಿ ಮನೆ ಬದಲಿಸಿ, ಊರು ಬಿಟ್ಟು, ವಿಳಾಸ ತಿಳಿಸದೆ ಹೋದವರ ದುಡ್ಡು ವಾರಸುದಾರರಿಲ್ಲದೆ ಬಿದ್ದಿರುತ್ತದೆ. ಹೆಚ್ಚು ಮನೆ ಬದಲಿಸುವವರು ಯಾರು? ಬಾಡಿಗೆಯಲ್ಲಿರುವ ಕಿರಿಯರೇ. ಎಷ್ಟು ವರ್ಷಕ್ಕೆ ವಾಪಸ್ ಕೊಡಬೇಕೆಂದು ತೀರ್ಮಾನಿಸುವುದು ಮಂಡಳಿ. ಆ ಮೇಜಿನ ಸುತ್ತ ಇವರ ಪರವಾಗಿ ಕೇಳುವವರಿಲ್ಲ.

ಬಾಗಿಲು ಮುಚ್ಚಿರುವುದು ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ. ನಿರ್ದೇಶಕನಾಗಲು ಮೊದಲು ಸದಸ್ಯನಾಗಿರಬೇಕು, ಸದಸ್ಯತ್ವ ಬರುವುದು ಮೀಟರ್ ಖಾತೆಯಿಂದ. ಖಾತೆ ಅಪ್ಪನ ಹೆಸರಲ್ಲಿದ್ದರೆ ಮಗಳು ಸದಸ್ಯಳಲ್ಲ. ಬಾಡಿಗೆಯಲ್ಲೇ ಕರೆಂಟ್ ಸೇರಿದ್ದರೆ ಬಾಡಿಗೆದಾರ ಸದಸ್ಯನಲ್ಲ. ಇದನ್ನು ದಾಟಿದರೆ ನಾಮನಿರ್ದೇಶನ ಸಮಿತಿ ಎದುರಾಗುತ್ತದೆ, ಅದರ ಸದಸ್ಯರನ್ನು ಆರಿಸುವುದು ಎಷ್ಟೋ ಕಡೆ ಹಾಲಿ ಮಂಡಳಿಯೇ! ಅದರ ಮೇಲೆ, ಮಂಡಳಿಯ ಸಭೆ ವಾರದ ನಡುವೆ ಹಗಲು ಹೊತ್ತಿನಲ್ಲಿ. ನಿವೃತ್ತರಿಗೂ ಸ್ವಂತ ಜಮೀನಿದ್ದವರಿಗೂ ಅನುಕೂಲ, ಪಾಳಿ ಕೆಲಸದ ನರ್ಸ್‌ಗೆ ಅಲ್ಲ. ಸ್ಥಳೀಯ ಸ್ವಾವಲಂಬನೆಯ ಬಗ್ಗೆ ಕೆಲಸ ಮಾಡುವ ಅಲ್ಲಿನ ಒಂದು ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿದಾಗ, ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಂಘಗಳಲ್ಲಿ ಮತ ಹಾಕುವವರು ಶೇ 10ಕ್ಕಿಂತ ಕಡಿಮೆ. ಜನರಿಗೆ ಆಸಕ್ತಿಯಿಲ್ಲ ಎಂದು ಮಂಡಳಿಗಳು ಗೊಣಗುತ್ತವೆ. ಎದುರಾಳಿಯೇ ಇಲ್ಲದ ಚುನಾವಣೆಗೆ ಯಾರು ಆಸಕ್ತಿ ತೋರಿಸಬೇಕು ಸ್ವಾಮಿ?

ಹೀಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಸ್‌ನ ಪೆಡರ್ನೇಲ್ಸ್ ಸಂಘವಿದೆ. 1938ರಲ್ಲಿ ಅದನ್ನು ಕಟ್ಟಲು ಓಡಾಡಿದ್ದು ಅದೇ ಲಿಂಡನ್ ಜಾನ್ಸನ್. 2007ರಲ್ಲಿ ಅದರ ಸದಸ್ಯರೇ ತಮ್ಮ ಮಂಡಳಿಯ ಮೇಲೆ ಕೋರ್ಟಿಗೆ ಹೋಗಬೇಕಾಯಿತು, ಮುಂದೆ ಮಾಜಿ ಜನರಲ್ ಮ್ಯಾನೇಜರ್ ಮೇಲಿನ ಆರೋಪವೂ ಸಾಬೀತಾಯಿತು. ಅಲ್ಲಿ ಪ್ರಾಮಾಣಿಕರು ಇರಲೇ ಇಲ್ಲ ಎನ್ನಲಾರೆ. ಪ್ರಶ್ನೆ ಕೇಳುವ ಹೊಸ ಮುಖ ಒಳಗೆ ಬಾರದ ವ್ಯವಸ್ಥೆಯಿತ್ತು, ಅಷ್ಟು ಸಾಕಾಯಿತು.

ಪರಿಹಾರವೆಂದು ಕೆಲವರು ವಿದ್ಯಾರ್ಥಿ ನಿರ್ದೇಶಕ ಎಂಬ ಕುರ್ಚಿ ಹಾಕುತ್ತಾರೆ. ಹದಿನೆಂಟು ತುಂಬದವರ ಮೇಲೆ ನಿರ್ದೇಶಕನ ಕಾನೂನು ಹೊಣೆ ಹೊರಿಸಲಾಗದು, ಹಾಗಾಗಿ ಮತವಿಲ್ಲದ ಕುರ್ಚಿ ಸರಿಯೇ. ಕೆಡುವುದು ನಡೆಸುವ ರೀತಿಯಲ್ಲಿ. ಒಂದೇ ವರ್ಷದ ಅವಧಿ ಕೊಟ್ಟರೆ ಲೆಕ್ಕಪತ್ರ ಓದಲು ಕಲಿಯುವಷ್ಟರಲ್ಲಿ ಕಾಲ ಮುಗಿಯುತ್ತದೆ, ಎರಡು ವರ್ಷ ಕೊಡಿ. ಅಜೆಂಡಾ ಕಡತವನ್ನು ಉಳಿದ ನಿರ್ದೇಶಕರಿಗೆ ಕಳಿಸಿದ ದಿನವೇ ಇವರಿಗೂ ಕಳಿಸಿ. ಸಿಬ್ಬಂದಿಯ ಸಂಬಳ, ಕೋರ್ಟಿನ ವ್ಯಾಜ್ಯ ಚರ್ಚೆಗೆ ಬಂದಾಗ ಹೊರಗೆ ಕೂರಬೇಕಾಗುತ್ತದೆ ಎಂದು ಮೊದಲೇ ಬರೆದುಕೊಡಿ, ಇಲ್ಲದಿದ್ದರೆ ಮೊದಲ ಸಲ ಎಬ್ಬಿಸಿ ಕಳಿಸಿದಾಗಲೇ ಮನಸ್ಸು ಮುರಿಯುತ್ತದೆ. ಮುಖ್ಯವಾಗಿ, ಒಂದು ನಿಜವಾದ ಕೆಲಸ ಒಪ್ಪಿಸಿ. ಯಾವ ಫೀಡರ್ ಮಾರ್ಗದಲ್ಲಿ ಎಷ್ಟು ಹೊತ್ತು ಕರೆಂಟ್ ಹೋಯಿತು, ಮರ ಬಿದ್ದೋ ಹಳೆಯ ಟ್ರಾನ್ಸ್‌ಫಾರ್ಮರ್ ಕೆಟ್ಟೋ ಎಂಬ ಮೂರು ತಿಂಗಳ ವರದಿಯನ್ನು ಅವರೇ ಮಂಡಳಿಯ ಮುಂದಿಡಲಿ. ನಿರ್ದೇಶಕರಿಗೆಂದು ಇರುವ ಐದು ಕೋರ್ಸುಗಳ ಪ್ರಮಾಣಪತ್ರಕ್ಕೆ ಇವರ ಶುಲ್ಕವನ್ನೂ ಸಂಘವೇ ಕಟ್ಟಲಿ. ಸಾಲದ ಬಡ್ಡಿಗೆ ಗಳಿಕೆ ಎಷ್ಟು ಪಟ್ಟಿದೆ ಎಂಬ ಅನುಪಾತ, ಅಲ್ಲಿನವರ ಬಾಯಲ್ಲಿ ಟಯರ್, ಅದನ್ನಂತೂ ಕಲಿಸಲೇಬೇಕು. ಫೆಡರಲ್ ಸಾಲವಿರುವ ವಿತರಣಾ ಸಂಘದಲ್ಲಿ ಹಿಂದಿನ ಮೂರು ವರ್ಷಗಳ ಪೈಕಿ ಉತ್ತಮವಾದ ಎರಡರ ಸರಾಸರಿ 1.25ಕ್ಕಿಂತ ಇಳಿಯಬಾರದು. ಇದು ತಿಳಿಯದವರು ದರ ಏರಿಕೆಯ ಚರ್ಚೆಯಲ್ಲಿ ಮ್ಯಾನೇಜರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಾಗುತ್ತದೆ. ಹಿರಿಯ ನಿರ್ದೇಶಕರಲ್ಲೂ ಹಾಗೆ ತಲೆಯಾಡಿಸುವವರಿದ್ದಾರೆ ಬಿಡಿ.

ಮಂಡಳಿ ಕರೆಯಲಿ ಎಂದು ಕಾಯುವ ಅಗತ್ಯವೂ ಇಲ್ಲ. ಅಲ್ಲಿರುವ ನಮ್ಮವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಮೊದಲು ಖಾತೆಯನ್ನು ನಿಮ್ಮ ಹೆಸರಿಗೆ ಮಾಡಿಸಿ, ಗಂಡ ಹೆಂಡತಿ ಇಬ್ಬರಿಗೂ ಜಂಟಿ ಸದಸ್ಯತ್ವ ಸಿಗುತ್ತದೆಯೇ ವಿಚಾರಿಸಿ. ಬೈಲಾ ತೆರೆದು ನಾಲ್ಕು ವಿಷಯ ಹುಡುಕಿ: ಕೋರಂ, ಅಂದರೆ ಸಭೆ ನಡೆಯಲು ಇರಬೇಕಾದ ಕನಿಷ್ಠ ಹಾಜರಿ ಎಷ್ಟು, ಪ್ರಾಕ್ಸಿ, ಅಂದರೆ ಬೇರೆಯವರ ಪರವಾಗಿ ಹಾಕುವ ಮತ ಇದೆಯೇ, ಸಹಿ ಸಂಗ್ರಹಿಸಿ ಸ್ಪರ್ಧಿಸಲು ಎಷ್ಟು ಸಹಿ ಬೇಕು, ಬೈಲಾ ತಿದ್ದುವ ಅಧಿಕಾರ ಸದಸ್ಯರಿಗಿದೆಯೋ ಮಂಡಳಿಗೆ ಮಾತ್ರವೋ. ತೆರಿಗೆ ವಿನಾಯಿತಿ ಇರುವ ಸಂಘ ಪ್ರತಿವರ್ಷ ತೆರಿಗೆ ಇಲಾಖೆಗೆ ಫಾರ್ಮ್ 990 ಎಂಬ ಲೆಕ್ಕಪತ್ರ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ನಿರ್ದೇಶಕರಿಗೂ ಮ್ಯಾನೇಜರ್‌ಗೂ ಎಷ್ಟು ಸಂದಾಯವಾಗಿದೆ ಎಂಬುದು ಅದರ ಏಳನೇ ಭಾಗದಲ್ಲಿರುತ್ತದೆ. ಸ್ಪರ್ಧಿಸುವುದೇ ಆದರೆ ಸಹಿ ಸಲ್ಲಿಸುವ ಕೊನೆಯ ದಿನ ವಾರ್ಷಿಕ ಸಭೆಗಿಂತ ತುಂಬ ಮುಂಚೆಯೇ ಇರುತ್ತದೆ, ಸಭೆಯ ನೋಟಿಸ್ ಕೈಸೇರುವ ಹೊತ್ತಿಗೆ ಅದು ದಾಟಿ ಹೋಗಿರಬಹುದು. ಸಹಿಗಳಲ್ಲೂ ಖಾತೆಯ ಹೆಸರಿಗೆ ಹೊಂದದವು, ಬೇರೆ ಜಿಲ್ಲಾ ಕ್ಷೇತ್ರದವು ತಿರಸ್ಕಾರವಾಗುತ್ತವೆ. ಐವತ್ತು ಬೇಕೆಂದಿದ್ದರೆ ಎಪ್ಪತ್ತು ಹಿಡಿದು ಹೋಗಿ, ಕೊಟ್ಟದ್ದಕ್ಕೆ ರಸೀದಿ ಬರೆಸಿಕೊಳ್ಳಿ.