ಮೂರು ತಿಂಗಳ ಹಿಂದಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾತ್ರಾಪ್ ಊರಿನ ಕೀಟನಾಶಕ ಕಾರ್ಖಾನೆಯ ಕೆಲಸಗಾರರಿಗೆ ಒಂದು ಅನುಮಾನ ಬಂತು. ತಮ್ಮಲ್ಲಿ ಅನೇಕರಿಗೆ ಮಕ್ಕಳೇ ಆಗುತ್ತಿಲ್ಲವಲ್ಲ! ಪರೀಕ್ಷೆ ಮಾಡಿಸಿದರೆ ಹಲವರ ವೀರ್ಯದಲ್ಲಿ ವೀರ್ಯಾಣು ತೀರಾ ಕಡಿಮೆ, ಕೆಲವರಲ್ಲಿ ಒಂದೂ ಇಲ್ಲ. ಕಾರಣ ಡಿಬಿಸಿಪಿ, ಬೇರಿನ ಜಂತುಹುಳು ಕೊಲ್ಲುವ ಔಷಧಿ. ಅದು ಇಲಿಗಳ ವೃಷಣವನ್ನು ಕುಗ್ಗಿಸುತ್ತದೆಂದು 1961ರಲ್ಲೇ ಪ್ರಕಟವಾಗಿತ್ತು. ಹದಿನಾರು ವರ್ಷ ಸುಮ್ಮನೆ ಕಳೆಯಿತು.

ವೃಷಣದಲ್ಲಿ ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹೊರಗಿನ ನಾಳದಲ್ಲಿ ಮಾಗಲು ಇನ್ನೂ ಒಂದೆರಡು ವಾರ. ಆದ್ದರಿಂದ ವಿಷ ಯಾವ ಹಂತಕ್ಕೆ ತಾಗಿತು ಅನ್ನುವುದೇ ಮುಖ್ಯ. ಮಾಗಿದ ವೀರ್ಯಾಣುವಿನ ಪೊರೆಯಲ್ಲಿ ಬೇಗ ಕೆಡುವ ಕೊಬ್ಬು ಹೆಚ್ಚು, ಅದನ್ನು ಕಾಯುವ, ಕೋಶದೊಳಗಿನ ಜೀವರಸ ಕಡಿಮೆ. ಸಿಗರೇಟಿನ ಹೊಗೆಯಿಂದ ಆ ಕೊಬ್ಬು ಆಕ್ಸಿಜನ್ನಿಗೆ ಸಿಕ್ಕಿ ಕೆಟ್ಟರೆ ಬಾಲದ ಈಜು ಸೋಲುತ್ತದೆ, ಡಿಎನ್‌ಎ ತುಂಡಾಗುತ್ತದೆ. ವೀರ್ಯಾಣು ಹುಟ್ಟಿಸುವ ಮೂಲಕೋಶಗಳು ಉಳಿದಿದ್ದರೆ ಹೊಸ ಬೆಳೆ ಬರುತ್ತದೆ. ಡಿಬಿಸಿಪಿ ಬಿತ್ತನೆ ಬೀಜಕ್ಕೇ, ಅಂದರೆ ಆ ಮೂಲಕೋಶಗಳಿಗೇ ಕೈ ಹಾಕಿತು. ವೀರ್ಯಾಣು ಪೂರ್ತಿ ಇಲ್ಲವಾದ ಕೆಲವರಿಗೆ ಅದು ಮರಳಲೇ ಇಲ್ಲ. ವೀರ್ಯಾಣುವಿಗೆ ಹಾನಿ ಮಾಡುವ ಸೀಸದ್ದು ಬೇರೆ ಕಥೆ: ಹಳೇ ಬ್ಯಾಟರಿ ಕರಗಿಸುವವರ ಮೂಳೆಯಲ್ಲಿ ಕೂತು ವರ್ಷಗಟ್ಟಲೆ ರಕ್ತಕ್ಕೆ ಇಳಿಯುತ್ತಿರುತ್ತದೆ.

ಔಷಧಿ ಸಿಂಪಡಿಸುವವರು ಮೂಗಿಗೆ ಬಟ್ಟೆ ಕಟ್ಟಿ ನಿಶ್ಚಿಂತರಾಗುತ್ತಾರೆ. ವಿಷ ಒಳಹೋಗುವುದು ಹೆಚ್ಚಾಗಿ ಚರ್ಮದಿಂದ. ಪ್ಯಾರಾಥಿಯಾನ್ ಎಂಬ ಕೀಟನಾಶಕದ ಮೇಲಿನ ಪ್ರಯೋಗದಲ್ಲಿ ವೃಷಣದ ಚರ್ಮ ಮುಂದೋಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹೀರಿಕೊಂಡಿತ್ತು. ಬೆನ್ನಿನ ಪಂಪು ಸೋರಿ ಚಡ್ಡಿ ತೊಯ್ದರೆ ಕೆಲಸ ಮುಗಿಯಲಿ ಎಂದು ಕಾಯಬೇಡಿ. ಬಿಚ್ಚಿ, ಸೋಪು ಹಚ್ಚಿ ತೊಳೆಯಿರಿ. ಡಬ್ಬಿಯ ಗಟ್ಟಿ ಔಷಧಿ ಬೆರೆಸುವಾಗ ನೈಟ್ರೈಲ್ ರಬ್ಬರಿನ ಗ್ಲೌಸ್ ಇರಲಿ. ಸಿಂಪಡಿಸುವಾಗ ಹಾಕಿದ್ದ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ನೆನೆಹಾಕಬೇಡಿ.

ವೀರ್ಯ ಪರೀಕ್ಷೆಗೆ ಹೋಗುವವರು 2ರಿಂದ 7 ದಿನ ವೀರ್ಯಸ್ಖಲನವಿಲ್ಲದೆ ಇರಬೇಕು. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು. ಅವು ಚೆಲ್ಲಿದರೆ ಮುಚ್ಚಿಡದೆ ಲ್ಯಾಬಿನವರಿಗೆ ಹೇಳಿ. ಎಣ್ಣೆ, ಸೋಪು, ಮಾಮೂಲಿ ಕಾಂಡೋಮ್ ಬೇಡ. ವೀರ್ಯ ಹಿಡಿದ ಡಬ್ಬಿಯನ್ನು ಮೈಗೆ ಒತ್ತಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಮಟ್ಟ ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು. ಮುಂದಕ್ಕೆ ಈಜುವವು ಶೇ. 30. ಅದಕ್ಕಿಂತ ಕಡಿಮೆ ಬಂದರೆ ಬಂಜೆತನ ಎಂದೇನಲ್ಲ, ಒಂದೇ ರಿಪೋರ್ಟಿನಿಂದ ತೀರ್ಮಾನವೂ ಸಲ್ಲ. ಈಚೆಗೆ ಜೋರು ಜ್ವರ ಬಂದಿದ್ದರೆ ಅದನ್ನೂ, ಮಾಡುವ ಕೆಲಸವನ್ನೂ ವೈದ್ಯರಿಗೆ ತಿಳಿಸಿ. ವಿಷದ ಸಂಪರ್ಕ ನಿಂತ ದಿನವನ್ನು ಬರೆದಿಟ್ಟುಕೊಂಡು ಅಲ್ಲಿಂದ ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ. ತಿಂಗಳಿಗೇ ಹೋದರೆ ಎಣಿಸುವುದು ಹಳೇ ವೀರ್ಯಾಣುಗಳನ್ನೇ.