ಒಬ್ಬಳು ಗುಳೆ ಹೋದರೆ ತರಗತಿ ಎರಡಾಗುತ್ತಾ? ಮಕ್ಕಳ ಒಡನಾಟದ ನಕ್ಷೆ ಹಾಕೋದು ಹೀಗೆ

[ತೆರೆಯ ಮೇಲೆ: ಬಿಳಿ ಹಾಳೆ, 40 ಚುಕ್ಕಿ]

ಗಂಗಾವತಿ ಕಡೆಯ ಒಂದು ಏಳನೇ ತರಗತಿ ಅಂತ ಇಟ್ಕೊಳ್ಳಿ. ಊರಿನವರು, ಕ್ಯಾಂಪಿನವರು, ತಾಂಡಾದವರು ಸೇರಿ 40 ಮಕ್ಕಳು. ಹಾಜರಿ ಪುಸ್ತಕದಲ್ಲಿ ಒಂದೇ ತರಗತಿ. ಯಾರು ಯಾರ ಜೊತೆ ಅಂತ ಬಾಣ ಎಳೆದರೆ ಮೂರು ಕಾಣಬಹುದು.

ಈ ಚಿತ್ರಕ್ಕೆ ಸೋಷಿಯೋಗ್ರಾಂ ಅಂತಾರೆ. 1932ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್‌ನ ಹುಡುಗಿಯರ ಶಾಲೆಯಿಂದ ಎರಡೇ ವಾರದಲ್ಲಿ 14 ಹುಡುಗಿಯರು ಓಡಿಹೋದರು. ಮನೋವೈದ್ಯ ಜೇಕಬ್ ಮೊರೆನೊ ಇಂಥದೇ ನಕ್ಷೆ ಹಾಕಿ ಕಾರಣ ಹುಡುಕಿದ್ದು ಅವರ ಸ್ವಭಾವದಲ್ಲಿ ಅಲ್ಲ, ಅವರ ನಡುವಿನ ನಂಟಿನಲ್ಲಿ.

[ತೆರೆಯ ಮೇಲೆ: ಪ್ರಶ್ನೆ ಚೀಟಿ]

'ನಿನ್ನ ಗೆಳೆಯರು ಯಾರು?' ಅಂದರೆ ಮಕ್ಕಳು ಮುಲಾಜಿಗೆ ಬರೀತಾರೆ. 'ಲೆಕ್ಕ ಬರದಿದ್ರೆ ಯಾರನ್ನ ಕೇಳ್ತಿ?', 'ಬಿಸಿಯೂಟಕ್ಕೆ ಯಾರ ಪಕ್ಕ ಕೂಡ್ತಿ?' ಅಂತ ಕೇಳಿ. ಇವು ಎರಡು ಬೇರೆ ನಕ್ಷೆ, ಬೆರೆಸಬೇಡಿ. 'ಯಾರು ಬೇಡ?' ಅಂತ ಮಾತ್ರ ಕೇಳಲೇಬೇಡಿ, ಸಂಜೆಯೊಳಗೆ ಜಗಳ ಮನೆ ಮುಟ್ಟಿರುತ್ತೆ.

ಹೆಸರಿನ ಬದಲು ಹಾಜರಿ ನಂಬರ್ ಬರೆಸಿ. ನಮ್ಮ ಕಡೆ ಒಂದೇ ಕ್ಲಾಸಲ್ಲಿ ಇಬ್ಬರು ಮೂವರು ಹುಲಿಗೆಮ್ಮ ಇರೋದು ಹೊಸದೇನಲ್ಲ.

ತಲಾ 3 ಆಯ್ಕೆ ಕೊಟ್ಟರೆ ಹೆಚ್ಚೆಂದರೆ 120 ಬಾಣ. ಆಗಬಹುದಾದ ಬಾಣಗಳು 40 ಗುಣಿಸು 39, ಅಂದರೆ 1,560. ಹಾಗಾಗಿ ಸಾಂದ್ರತೆ, ಅಂದರೆ ಆಗಬಹುದಾದ ಬಾಣಗಳಲ್ಲಿ ನಿಜಕ್ಕೂ ಬಿದ್ದವುಗಳ ಪಾಲು, ಶೇ 7.7 ದಾಟೋದೇ ಇಲ್ಲ. ಪಕ್ಕದ ತರಗತಿಯಲ್ಲಿ 5 ಆಯ್ಕೆ ಕೊಟ್ಟಿದ್ದರೆ ಅದರ ಜೊತೆ ಹೋಲಿಸಿ ಪ್ರಯೋಜನವಿಲ್ಲ. ಆವತ್ತು 8 ಮಕ್ಕಳು ಬಂದಿಲ್ಲ ಅಂದ್ರೆ 24 ಬಾಣ ಹೋದವು. ಆದರೂ ಅವರ ನಂಬರ್ ಪಟ್ಟಿಯಲ್ಲಿರಲಿ, ಬೇರೆಯವರು ಅವರನ್ನು ಆರಿಸಬಹುದು.

[ತೆರೆಯ ಮೇಲೆ: ಗೆಫಿ]

ಶೀಟಿನಲ್ಲಿ ಎರಡೇ ಕಾಲಂ: ಸೋರ್ಸ್ ಅಂದರೆ ಆರಿಸಿದ ಮಗುವಿನ ನಂಬರ್, ಟಾರ್ಗೆಟ್ ಅಂದರೆ ಅದು ಬರೆದ ನಂಬರ್. ತಲೆಬರಹ ಇಂಗ್ಲಿಷಿನಲ್ಲೇ ಇರಲಿ. ಇಂಥ ನಕ್ಷೆ ಬಿಡಿಸುವ, ಉಚಿತವಾಗಿ ಸಿಗುವ ಗೆಫಿ ತಂತ್ರಾಂಶಕ್ಕೆ ಹಾಕುವಾಗ 'ಡೈರೆಕ್ಟೆಡ್' ಆರಿಸಿ. ಇಲ್ಲದಿದ್ದರೆ ಯಾರು ಯಾರನ್ನು ಕೇಳಿದ್ದು ಅನ್ನೋದೇ ಅಳಿಸಿಹೋಗುತ್ತೆ. ಚಿತ್ರದ ನಡುವೆ ಕೂತವರೇ ಮುಖ್ಯ ಅಂದ್ಕೋಬೇಡಿ. ಚುಕ್ಕಿ ಜೋಡಿಸುವ ಲೇಔಟ್ ಮತ್ತೊಮ್ಮೆ ಓಡಿಸಿದರೆ ಅವುಗಳ ಜಾಗವೇ ಬದಲಾಗಬಹುದು.

ಒಂದೂ ಬಾಣ ಬರದ ಮಗುವನ್ನು ಎಲ್ಲರೂ ಗಮನಿಸ್ತಾರೆ. ಕಣ್ಣು ತಪ್ಪೋದು ಸೇತುವೆ ಮಗು. ಆಕೆಗೆ ಬರೋದು ಎರಡೇ ಬಾಣ ಇರಬಹುದು, ಆದರೆ ಒಂದು ಊರಿನಿಂದ, ಒಂದು ತಾಂಡಾದಿಂದ. ಇದನ್ನು ಅಳೆಯೋದು ಬಿಟ್ವೀನ್‌ನೆಸ್, ಅಂದರೆ ಬೇರೆಯವರ ನಡುವಿನ ಹತ್ತಿರದ ದಾರಿಗಳಲ್ಲಿ ಈ ಮಗು ಎಷ್ಟು ಸಲ ಸಿಗುತ್ತೆ ಅನ್ನೋ ಲೆಕ್ಕ. ಗೆಫಿಯಲ್ಲಿ ಅದು 'ನೆಟ್‌ವರ್ಕ್ ಡಯಾಮೀಟರ್' ಒತ್ತಿದಾಗ ಸಿಗುತ್ತೆ, ವಿಚಿತ್ರ ಜಾಗ. ಆ ಮಗುವಿನ ಮನೆಯವರು ಸುಗ್ಗಿ ಮುಗಿಸಿ ಗುಳೆ ಹೊರಟರೆ ಎರಡೂ ಕಡೆಯವರ ಮಾತು ನಿಂತೇಹೋಗಬಹುದು.

ಅದಕ್ಕೇ ಜುಲೈನಲ್ಲಿ ಒಂದು ನಕ್ಷೆ ಹಾಕಿ. ಆಕೆ ಇನ್ನೂ ಶಾಲೆಯಲ್ಲಿರುವಾಗಲೇ ನಾಲ್ವರ ಗುಂಪು ಮಾಡಿ, ಎರಡೂ ಕಡೆಯಿಂದ ಇಬ್ಬಿಬ್ಬರನ್ನು ಸೇರಿಸಿ. ಜನವರಿಯಲ್ಲಿ ಅದೇ ಪ್ರಶ್ನೆ, ಅಷ್ಟೇ ಆಯ್ಕೆ ಇಟ್ಟು ಮತ್ತೆ ಕೇಳಿ. ನಂಬರ್ ಯಾರದು ಅನ್ನೋ ಪಟ್ಟಿ ಬೀಗ ಹಾಕಿದ ಬೀರುವಿನಲ್ಲಿರಲಿ. ನಕ್ಷೆಯನ್ನು ಸ್ಟಾಫ್ ರೂಮಿನ ಗೋಡೆಗೂ ಅಂಟಿಸಬೇಡಿ, ಅಲ್ಲಿಗೆ ಚಹಾ ತರೋದು ಮಕ್ಕಳೇ.