ತಾಮ್ರದಲ್ಲಿ ಕೊರೆದ ಗೆರೆ, ಗೆರೆಯಲ್ಲಿ ಕಾಣುವ ಅಂತಸ್ತು

ನಮಸ್ಕಾರ. ಈಗ ನೀವು ತೆರೆಯ ಮೇಲೆ ನೋಡುತ್ತಿರುವುದು ಹದಿನೇಳನೆಯ ಶತಮಾನದ ಫ್ರಾನ್ಸಿನ ರೋಬೆರ್ ನಾಂತೆಯ್ ತಾಮ್ರದ ತಗಡಿನಲ್ಲಿ ಕೊರೆದ ಒಂದು ಭಾವಚಿತ್ರದ ಅಚ್ಚು. ಎದೆಯವರೆಗಿನ ಆಕೃತಿ, ಸುತ್ತ ಅಂಡಾಕಾರದ ಚೌಕಟ್ಟು, ಕೆಳಗೆ ಪೀಠ, ಅಲ್ಲಿ ವಂಶಲಾಂಛನ ಅಥವಾ ಬಿರುದುಗಳು: ಎದುರಿಗಿರುವವನು ಮಂತ್ರಿಯಾಗಲಿ, ಬಿಷಪ್ ಆಗಲಿ, ನ್ಯಾಯಾಧೀಶನಾಗಲಿ, ಈ ವಿನ್ಯಾಸ ಹೆಚ್ಚು ಬದಲಾಗುವುದಿಲ್ಲ. ಅಧಿಕಾರವನ್ನು ಸಾರುವ ಹೊಣೆಯನ್ನು ಚೌಕಟ್ಟೇ ಹೊತ್ತುಕೊಂಡಿರುವುದರಿಂದ ಮುಖವು ಬರಿಯ ಮನುಷ್ಯನ ಮುಖವಾಗಿ ಉಳಿಯಬಲ್ಲುದು ಎಂದು ನನಗೆ ಅನಿಸುತ್ತದೆ.

ಇನ್ನಷ್ಟು ಹತ್ತಿರ ಹೋಗೋಣ. ಬ್ಯೂರಿನ್ ಎಂಬ ಉಕ್ಕಿನ ಚೂಪಾದ ಉಪಕರಣವನ್ನು ಅಂಗೈಯಿಂದ ಮುಂದಕ್ಕೆ ತಳ್ಳುತ್ತ, ಬಾಗು ಬೇಕಾದಲ್ಲಿ ಇನ್ನೊಂದು ಕೈಯಿಂದ ತಗಡನ್ನೇ ತಿರುಗಿಸುತ್ತ ಕೆತ್ತುವ ಕೆಲಸವಿದು. ಆಳಕ್ಕೆ ಒತ್ತಿದರೆ ಕೊರೆದ ತೋಡಿನಲ್ಲಿ ಹೆಚ್ಚು ಶಾಯಿ ನಿಂತು ಗೆರೆ ದಪ್ಪವಾಗುತ್ತದೆ, ಒತ್ತಡ ಸಡಿಲಿಸಿದರೆ ಕೂದಲಿನಷ್ಟು ತೆಳುವಾಗುತ್ತದೆ. ನಾಂತೆಯ್ ಕೆನ್ನೆ, ಹಣೆಗಳಿಗೆ ಪುಟ್ಟ ಪುಟ್ಟ ಗೀರುಗಳನ್ನೂ ಚುಕ್ಕೆಗಳನ್ನೂ ಮೀಸಲಿಟ್ಟು, ತಲೆಗೂದಲಿಗೆ ನಿಡಿದಾಗಿ ಹರಿಯುವ ಗೆರೆಗಳನ್ನು ಬಳಸುತ್ತಾನೆ. ಕಪ್ಪು ಬಿಳುಪಿನಲ್ಲೇ ಚರ್ಮ ಬೇರೆ, ರೇಷ್ಮೆ ಬೇರೆ ಎಂದು ಕಣ್ಣಿಗೆ ತಿಳಿಯುತ್ತದೆ. ಗೆರೆಯ ದಪ್ಪವೊಂದನ್ನೇ ನಂಬಿದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕ್ಲೋದ್ ಮೆಲಾಂ 1649ರಲ್ಲಿ ಕೆತ್ತಿದ ಕ್ರಿಸ್ತನ ಮುಖವೇ ಸಾಕ್ಷಿ: ಮೂಗಿನ ತುದಿಯಿಂದ ಹೊರಟು ಸುರುಳಿಯಾಗಿ ಹರಡುವ ಒಂದೇ ಗೆರೆ ಅಲ್ಲಿ ಇಡೀ ಮುಖವನ್ನು ಮೂಡಿಸಿದೆ.

ಇಷ್ಟು ಸೂಕ್ಷ್ಮವಾದ ಕೆಲಸವನ್ನು ಬರಿಯ ಕೈಕಸುಬೆಂದು ಎಣಿಸುವುದು ಸರಿಯೇ? ಹದಿನಾಲ್ಕನೆಯ ಲೂಯಿ 1660ರಲ್ಲಿ ಸ್ಯಾಂ-ಜಾಂ-ದ-ಲ್ಯೂಜ್ ಪಟ್ಟಣದಿಂದ ಹೊರಡಿಸಿದ ರಾಜಾಜ್ಞೆಯು ಅಲ್ಲವೆಂದೇ ಹೇಳಿತು. ಕೆತ್ತನೆಯು ಕಸುಬುದಾರ ಸಂಘಗಳ ಕಟ್ಟಳೆಗೆ ಒಳಪಡದ ಸ್ವತಂತ್ರ ಕಲೆಯೆನಿಸಿಕೊಂಡಿತು. ಅಷ್ಟರಲ್ಲಾಗಲೇ ನಾಂತೆಯ್ ದೊರೆಯ ಕೆತ್ತನೆಗಾರನಾಗಿ ನೇಮಕಗೊಂಡಿದ್ದ. ಬಹುಪಾಲು ಕೆತ್ತನೆಗಾರರು ವರ್ಣಚಿತ್ರಕಾರರ ಕೃತಿಗಳನ್ನು ನಕಲು ಮಾಡುತ್ತಿದ್ದರೆ, ಅವನು ಅನೇಕ ಸಲ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ತಾನೇ ಚಿತ್ರಿಸಿ, ಬಳಿಕ ತಗಡಿಗೆ ಇಳಿಸುತ್ತಿದ್ದ. ಕಂಡದ್ದೂ ಕೊರೆದದ್ದೂ ತಾನೇ ಎಂಬುದನ್ನು ಅಚ್ಚಿನಲ್ಲಿ ಹೆಸರಿನೊಡನೆ ನಮೂದಿಸುತ್ತಿದ್ದ. ಪೀಠದ ಮೇಲೆ ಮಂತ್ರಿಯ ಅಂತಸ್ತು ಇದ್ದರೆ, ಆ ಸಣ್ಣಕ್ಷರದ ಸಾಲಿನಲ್ಲಿ ಕೆತ್ತನೆಗಾರನ ಅಂತಸ್ತು ಇದೆ.

ಮುಂದೆ 1723ರಲ್ಲಿ ಪಿಯೇರ್-ಆಂಬೇರ್ ದ್ರೆವೆ, ರಿಗೋನ ವರ್ಣಚಿತ್ರವನ್ನು ಅನುಸರಿಸಿ ಬಿಷಪ್ ಬೋಸ್ಯುಯೆಯ ನಿಂತ ಭಂಗಿಯ ಭಾವಚಿತ್ರವನ್ನು ಕೆತ್ತಿದ. ಅದರ ಕಸೂತಿ, ತುಪ್ಪಳು, ರೇಷ್ಮೆಗಳ ಕೌಶಲ ಬೆರಗು ಹುಟ್ಟಿಸುತ್ತದೆ. ಆದರೂ ಆ ವೈಭವದ ನಡುವೆ ಮುಖ ಎರಡನೆಯ ಸ್ಥಾನಕ್ಕೆ ಸರಿದಿದೆ. ಆದ್ದರಿಂದ ನನ್ನ ಆಯ್ಕೆ ಇಂದಿಗೂ ನಾಂತೆಯ್‌ನೇ.